ಮುಂದೂಡಿದ್ದು ಯಾರ ನಾಳೆ?

ನಮ್ಮ ಕ್ಯಾಂಪಸ್‌ನಲ್ಲಿ 'ಕೌನ್ಸೆಲಿಂಗ್' ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಕೆಇಎ. ಆಪ್ಷನ್ ಎಂಟ್ರಿ, ಮಾಕ್ ಅಲಾಟ್‌ಮೆಂಟ್, ಎರಡನೇ ರೌಂಡ್‌ಗೆ ಕಾಯೋದಾ ಬೇಡವಾ ಅನ್ನೋ ತಲೆಬಿಸಿ. ನಾನು 371(ಜೆ) ಮೀಸಲಾತಿಯಲ್ಲಿ ಬಂದವನು, ಆ ಒಂದು ತಿಂಗಳು ನನಗೂ ಚೆನ್ನಾಗಿ ನೆನಪಿದೆ. ಆದ್ರೆ ಅದಕ್ಕೂ ಮೊದಲು, ಹೈಸ್ಕೂಲಿನಲ್ಲಿದ್ದಾಗ, ಈ ಪದಕ್ಕೆ ನನ್ನ ತಲೆಯಲ್ಲಿ ಬೇರೆಯೇ ಚಿತ್ರ ಇತ್ತು. ಬೆಳಿಗ್ಗೆ ಆರು ಗಂಟೆಗೆ ಮೈದಾನದ ಅಂಚಿನಲ್ಲಿ, ಒಂದು ಕೈಯಲ್ಲಿ ನೀರಿನ ಕ್ಯಾನು, ಇನ್ನೊಂದು ಕೈಯಲ್ಲಿ ಮೊಬೈಲ್ ಸ್ಟಾಪ್‌ವಾಚ್ ಹಿಡಿದು ನಿಂತಿರೋ ನಮ್ಮ ಮೇಡಂ.

ಅವರ ಬಗ್ಗೆ, ಅವರು ಮುಂದೂಡುತ್ತಿದ್ದ ಕೆಲಸಗಳ ಬಗ್ಗೆ ಬರೆಯೋಕೆ ಕೂತಿದ್ದೀನಿ. ಇದನ್ನು ಬರೆಯುವಾಗ ನನ್ನ ಕಂಪ್ಯೂಟರ್ ನೆಟ್‌ವರ್ಕ್ಸ್ ಅಸೈನ್‌ಮೆಂಟ್ ಟೇಬಲ್ ಮೇಲೆ ಖಾಲಿ ಇದೆ ಅನ್ನೋದನ್ನೂ ಮೊದಲೇ ಒಪ್ಪಿಕೊಂಡುಬಿಡ್ತೀನಿ.

ನಮ್ಮ ಕಡೆಯ ಪರಿಚಯ ಇಲ್ಲದವರಿಗೆ ಎರಡು ಮಾತು. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ರಾಯಚೂರು ಜಿಲ್ಲೆಯವು, ಒಂದೇ ಹೆದ್ದಾರಿ ಮೇಲಿವೆ. ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆ, ಭತ್ತದ ಗದ್ದೆ, ರೈಸ್ ಮಿಲ್ಲು. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ, ಮುದಗಲ್ ಕೋಟೆ. ನಡುವೆ ಮಸ್ಕಿ. 1915ರಲ್ಲಿ ಸಿ. ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರ್ ಕಣ್ಣಿಗೆ ಇಲ್ಲಿನ ಗುಡ್ಡದ ಬಂಡೆಯ ಮೇಲೆ ಅಶೋಕನ ಶಾಸನ ಬಿತ್ತು. 'ದೇವಾನಾಂಪ್ರಿಯ' ಅನ್ನೋ ಬಿರುದಿನ ಜೊತೆಗೆ 'ಅಶೋಕ' ಅನ್ನೋ ಹೆಸರೇ ಇದ್ದ ಆ ಬಂಡೆಯಿಂದಲೇ ಆ ರಾಜ ಯಾರು ಅನ್ನೋದು ಗಟ್ಟಿಯಾಯ್ತು. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಗುರಿ ಮುಟ್ಟಬಹುದು ಅನ್ನೋದು ಅದರಲ್ಲಿರೋ ಮಾತಿನ ಸಾರ. ಓಡೋಕೆ ಹಿಂಜರಿಯೋ ಹುಡುಗರಿಗೆ ಮೇಡಂ ಇದನ್ನೇ ಹೇಳೋರು. "ನಮ್ಮೂರ ಕಲ್ಲಿನ ಮ್ಯಾಲೇ ಬರದೈತಿ, ಇನ್ನೇನು ಬೇಕ್ರೋ ನಿಮಗ?"

ಮೇಡಂ ಓಟದ ತರಬೇತುದಾರರೇನೂ ಅಲ್ಲ, ವಿಜ್ಞಾನದ ಟೀಚರ್. ನಮ್ಮ ಶಾಲೆಯಲ್ಲಿ ಆಪ್ತಸಮಾಲೋಚಕರು ಅಂತ ಬೇರೆ ಹುದ್ದೆ ಇರಲಿಲ್ಲ. ಮಕ್ಕಳ ಕಷ್ಟಸುಖ ಕೇಳೋ ಜವಾಬ್ದಾರಿಯನ್ನು ಪಾಠದ ಜೊತೆಗೆ ಅವರಿಗೇ ವಹಿಸಿದ್ರು. ಅದಕ್ಕೊಂದು ರಿಜಿಸ್ಟರ್ ಇತ್ತು, ಕೂರೋಕೆ ರೂಮ್ ಇರಲಿಲ್ಲ. ರೂಮ್ ಇದ್ದಿದ್ರೂ ನಾವ್ಯಾರೂ ಹೋಗ್ತಿರಲಿಲ್ಲ ಬಿಡಿ. "ನನಗೊಂದು ಸಮಸ್ಯೆ ಇದೆ" ಅಂತ ಹೇಳಿಕೊಂಡು ಯಾವ ಒಂಬತ್ತನೇ ಕ್ಲಾಸಿನ ಹುಡುಗ ಬಾಗಿಲು ಬಡೀತಾನೆ? ಹಂಗಾಗಿ ಅವರೇ ಮೈದಾನಕ್ಕೆ ಬಂದ್ರು. ಪಿಟಿ ಸರ್ ಸುಣ್ಣದಲ್ಲಿ 200 ಮೀಟರಿನ ಟ್ರ್ಯಾಕ್ ಹಾಕೋರು, ಮೇಡಂ ಸುತ್ತು ಎಣಿಸೋರು. ನಾನು 1500 ಮೀಟರ್ ಓಡ್ತಿದ್ದೆ, ಅಂದ್ರೆ ಏಳೂವರೆ ಸುತ್ತು. ಐದನೇ ಸುತ್ತಿಗೆ ನನ್ನ ಕಾಲು ಬಿದ್ದುಹೋಗೋದು. ಆಗ ಅವರು ಜೋರು ಮಾಡ್ತಿರಲಿಲ್ಲ, ನನ್ನ ಪಕ್ಕ ಸೀರೆ ಎತ್ತಿ ಹಿಡಿದು ಹತ್ತು ಹೆಜ್ಜೆ ಓಡೋರು.

ಅವರ ಆಪ್ತಸಮಾಲೋಚನೆ ಹೆಂಗಿತ್ತು ಅಂದ್ರೆ, ಮೊದಲ ಪ್ರಶ್ನೆ ಯಾವಾಗಲೂ "ಏನು ತಿಂದು ಬಂದೀ?" ಅನ್ನೋದು. ಅರ್ಧಕ್ಕರ್ಧ ಹುಡುಗರು ಏನೂ ತಿಂದಿರ್ತಿರಲಿಲ್ಲ. ಅವರ ಚೀಲದಲ್ಲಿ ಶೇಂಗಾ ಬೆಲ್ಲ ಇರ್ತಿತ್ತು. ತಿನ್ನೋ ಹೊತ್ತಿಗೆ ಬಾಯಿ ತಾನೇ ಬಿಚ್ಚೋದು. ಅಪ್ಪ ಕುಡಿದು ಬಂದಿದ್ದು, ಅಕ್ಕನ ಮದುವೆ ಮಾತು, ಗಣಿತ ಅರ್ಥ ಆಗದೇ ಶಾಲೆ ಬಿಡೋ ಯೋಚನೆ, ಎಲ್ಲಾ ಆ ಸುಣ್ಣದ ಗೆರೆ ಪಕ್ಕದಲ್ಲೇ ಹೊರಗೆ ಬರ್ತಿತ್ತು. ಮುಟ್ಟಿನ ದಿನ ಓಡಬಹುದಾ, ಬಟ್ಟೆಗೆ ಏನು ಮಾಡೋದು ಅನ್ನೋದನ್ನು ಹುಡುಗಿಯರು ಕೇಳಿದ್ದು ಅವರೊಬ್ಬರ ಹತ್ರ ಮಾತ್ರ ಅಂತ ಕ್ಲಾಸ್‌ಮೇಟ್ ಒಬ್ಬಳು ಎಷ್ಟೋ ವರ್ಷದ ಮೇಲೆ ಹೇಳಿದ್ಲು.

ನಮ್ಮ ಕಡೆ ಶಾಲಾ ಕ್ರೀಡಾಕೂಟದ ಹೊತ್ತಿಗೇ ಗದ್ದೆಯಲ್ಲಿ ನಾಟಿ ಶುರುವಾಗಿರುತ್ತೆ. ಎಂಟು, ಒಂಬತ್ತನೇ ಕ್ಲಾಸಿನ ಹುಡುಗಿಯರು ಕೂಲಿಗೆ ಹೋಗ್ತಾರೆ. ಮಳೆ ಕೈಕೊಟ್ಟ ವರ್ಷ ಇಡೀ ಮನೆಗೆ ಬೀಗ ಹಾಕಿ ಬೆಂಗಳೂರಿಗೋ ಪುಣೆಗೋ ಗುಳೆ ಹೋಗ್ತಾರೆ. ಓಡೋ ಮಗುವನ್ನು ಟ್ರ್ಯಾಕಿನಲ್ಲಿ ಉಳಿಸಿಕೊಳ್ಳೋದು ಅಂದ್ರೆ ಮೊದಲು ಊರಲ್ಲಿ ಉಳಿಸಿಕೊಳ್ಳೋದು. ಮೇಡಂ ಸಂಜೆ ಹೊತ್ತು ಮನೆಮನೆಗೆ ಹೋಗಿ ಅಪ್ಪಂದಿರ ಜೊತೆ ಮಾತಾಡೋರು. "ಎರಡು ತಿಂಗಳು ಅಜ್ಜಿ ಹತ್ರ ಬಿಡ್ರಿ, ನಾನು ನೋಡ್ಕೋತೀನಿ" ಅನ್ನೋರು.

ಇಷ್ಟೆಲ್ಲಾ ಮಾಡೋರಿಗೆ ದಿನಕ್ಕೆ 24 ಗಂಟೆಯೇ ಇದ್ದದ್ದು. ಹಂಗಾಗಿ ಏನು ಉಳೀತು ಅಂದ್ರೆ ಕಾಗದ. ಎಸ್‌ಎಟಿಎಸ್ ಡಾಟಾ ಎಂಟ್ರಿ, ಸಮಾಲೋಚನೆ ರಿಜಿಸ್ಟರು, ತಿಂಗಳ ವರದಿ ಎಲ್ಲಾ ಬಾಕಿ. ಹೆಡ್‌ಮಾಸ್ಟರ್ ಕೇಳಿದಾಗಲೆಲ್ಲಾ "ನಾಳೆ ಮುಗಸ್ತೀನಿ ಸರ್" ಅನ್ನೋರು. ಒಂದು ಸಲ ನಮ್ಮ ಮುಂದೆಯೇ ನಕ್ಕೊಂಡು ಹೇಳಿದ್ರು: "ಕಾಗದ ಎಲ್ಲಿಗೂ ಓಡಿ ಹೋಗಂಗಿಲ್ಲ, ಹುಡುಗರು ಓಡಿ ಹೋಗ್ತಾರ." ನಾವು ಚಪ್ಪಾಳೆ ಹೊಡೆದಿದ್ವಿ. ಇವತ್ತಿಗೂ ಆ ಮಾತು ನನಗೆ ಇಷ್ಟ. ಆದ್ರೆ ಅದು ಪೂರ್ತಿ ನಿಜ ಅಲ್ಲ ಅನ್ನೋದು ಅದೇ ವರ್ಷ ಗೊತ್ತಾಯ್ತು.

ನಮ್ಮ ಕ್ಲಾಸಿನಲ್ಲಿ ಒಬ್ಬಳಿದ್ಲು, 800 ಮೀಟರ್ ಓಟಗಾರ್ತಿ. ಬರಿಗಾಲಲ್ಲಿ ಓಡೋಳು. ವಲಯ ಮಟ್ಟದಲ್ಲಿ ಫಸ್ಟ್, ತಾಲ್ಲೂಕಿನಲ್ಲೂ ಫಸ್ಟ್. ಮುಂದೆ ಜಿಲ್ಲಾ ಮಟ್ಟ, ರಾಯಚೂರಿನಲ್ಲಿ. ಅಲ್ಲಿ ಗೆದ್ರೆ ಕಲಬುರಗಿ ವಿಭಾಗ, ಆಮೇಲೆ ರಾಜ್ಯ. ಅವಳ ಅರ್ಜಿಯಲ್ಲಿದ್ದ ಹುಟ್ಟಿದ ದಿನಾಂಕಕ್ಕೂ ಆಧಾರ್‌ನಲ್ಲಿದ್ದ ದಿನಾಂಕಕ್ಕೂ ತಾಳೆ ಆಗಿರಲಿಲ್ಲ. ಸರಿ ಮಾಡೋಕೆ ಬೇಕಿದ್ದದ್ದು ದಾಖಲಾತಿ ಪುಸ್ತಕದ ನಕಲು, ಹೆಡ್‌ಮಾಸ್ಟರ್ ಸಹಿ, ಸೀಲು. ಕೂತ್ರೆ ಅರ್ಧ ಗಂಟೆ ಕೆಲಸ. ಮೇಡಂಗೆ ಇದು ಗೊತ್ತಿತ್ತು. ಆದ್ರೆ ಆಫೀಸಿನೊಳಗೆ ಕಾಲಿಟ್ರೆ ಬಾಕಿ ವರದಿಗಳ ಮಾತು ಬರುತ್ತೆ. ಸೋಮವಾರ ಪ್ರಾಕ್ಟೀಸ್, ಮಂಗಳವಾರ ಯಾರದೋ ಮನೆ, ಬುಧವಾರ ಇನ್ನೊಂದು ಜಗಳ ಬಿಡಿಸೋದು. ಅರ್ಜಿ ಚೀಲದಲ್ಲೇ ಉಳೀತು. ಕೊನೆಗೆ ಇದ್ದಂಗೇ ತಗೊಂಡು ರಾಯಚೂರಿಗೆ ಹೋದ್ರು.

ಅಲ್ಲಿ ಪರಿಶೀಲನೆ ಮಾಡೋರು ವಯಸ್ಸಿನ ದಾಖಲೆ ಸರಿ ಇಲ್ಲ ಅಂತ ಓಡೋಕೆ ಬಿಡಲಿಲ್ಲ. ಅವರ ತಪ್ಪು ಅಂತ ನಾನು ಹೇಳಲ್ಲ. ವಯಸ್ಸು ಕಡಿಮೆ ತೋರಿಸಿ ಓಡಿಸೋರೂ ಇರ್ತಾರೆ, ಅದಕ್ಕೇ ಆ ನಿಯಮ ಇರೋದು. ಅವಳು ಗ್ಯಾಲರಿಯಲ್ಲಿ ಕೂತು ತನ್ನ ರೇಸ್ ನೋಡಿದ್ಲು. ವಾಪಸ್ ಬರುವಾಗ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಸಿಂಧನೂರು ದಾಟಿದ ಮೇಲೆ ಮೇಡಂ ಅವಳ ಪಕ್ಕದ ಸೀಟಿಗೆ ಬಂದು ಕೂತು, "ತಪ್ಪು ನಂದವ್ವಾ. ಯಾರ್ದೂ ಅಲ್ಲ" ಅಂದ್ರು. ಅವಳು ತಲೆ ಆಡಿಸಿ ಕಿಟಕಿ ಕಡೆ ತಿರುಗಿದ್ಲು. ಮರುವರ್ಷ ಅವಳ ಮನೆಯವರು ಗುಳೆ ಹೋದ್ರು, ಅವಳನ್ನೂ ಕರ್ಕೊಂಡು ಹೋದ್ರು.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್‌ನಲ್ಲಿ ಕಂಚು ತಪ್ಪಿಸಿಕೊಂಡಿದ್ದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಅಂತ ನಮಗೆಲ್ಲಾ ಗೊತ್ತು, ಯಾಕಂದ್ರೆ ಅದು ಗಡಿಯಾರದಲ್ಲಿ ದಾಖಲಾಗಿದೆ. ಒಂದು ಸೀಲಿನಿಂದ ತಪ್ಪಿದ ಓಟಗಳನ್ನು ಯಾವ ಗಡಿಯಾರವೂ ಬರೆದುಕೊಳ್ಳಲ್ಲ.

ಈ ಕಥೆ ಹಾಸ್ಟೆಲ್‌ನಲ್ಲಿ ಹೇಳಿದಾಗ ಎರಡು ಥರದ ಮಾತು ಕೇಳಿದ್ದೀನಿ. ಒಂದು: "ಅಂಥ ಟೀಚರ್ ಸಿಗೋದೇ ಪುಣ್ಯ, ಹಾಳು ಕಾಗದಪತ್ರದ ವ್ಯವಸ್ಥೆಯೇ ಸರಿ ಇಲ್ಲ." ಇನ್ನೊಂದು: "ಒಳ್ಳೆ ಮನಸ್ಸು ಇದ್ರೆ ಸಾಕಾ? ಮಾಡೋ ಕೆಲಸ ಟೈಮಿಗೆ ಮಾಡಬೇಕು." ನನಗೆ ಎರಡೂ ಒಪ್ಪಿಗೆ ಇಲ್ಲ. ಮೊದಲನೆಯದು ಆ ಹುಡುಗಿಗೆ ಏನೂ ಉತ್ತರ ಕೊಡಲ್ಲ. ಎರಡನೆಯದು, ಮೇಡಂ ಎಲ್ಲಾ ಕಾಗದ ಟೈಮಿಗೆ ಮುಗಿಸಿದ್ದಿದ್ರೆ ಆ ಹುಡುಗಿ ತಾಲ್ಲೂಕು ಮಟ್ಟದವರೆಗೂ ಬರ್ತಿರಲಿಲ್ಲ ಅನ್ನೋದನ್ನು ಮರೆಯುತ್ತೆ.

ಇದಕ್ಕೆ ಸರಿಯಾದ ಹೆಸರು ನನಗೆ ಸಿಕ್ಕಿದ್ದು ಆಪರೇಟಿಂಗ್ ಸಿಸ್ಟಮ್ಸ್ ಕ್ಲಾಸಿನಲ್ಲಿ: ಪ್ರಯಾರಿಟಿ ಇನ್ವರ್ಷನ್. ಮಾರ್ಸ್ ಪಾಥ್‌ಫೈಂಡರ್ 1997ರ ಜುಲೈ 4ರಂದು ಮಂಗಳನ ಮೇಲೆ ಇಳೀತು, ಕೆಲವು ದಿನದಲ್ಲಿ ಅದರ ಕಂಪ್ಯೂಟರ್ ಪದೇ ಪದೇ ರೀಸೆಟ್ ಆಗೋಕೆ ಶುರುವಾಯ್ತು. ಹವಾಮಾನ ಮಾಹಿತಿ ಸಂಗ್ರಹಿಸೋ ಒಂದು ಸಣ್ಣ ಟಾಸ್ಕ್, ಎಲ್ಲರೂ ಹಂಚಿಕೊಳ್ಳೋ ಒಂದು ಲಾಕ್ ಹಿಡ್ಕೊಂಡಿರ್ತಿತ್ತು. ಅದು ಮುಗಿಸೋದ್ರೊಳಗೆ ಮಧ್ಯಮ ದರ್ಜೆಯ ಸಂವಹನದ ಟಾಸ್ಕ್ ನುಗ್ಗಿ ಅದನ್ನು ಪಕ್ಕಕ್ಕೆ ತಳ್ಳೋದು. ಅತಿ ಮುಖ್ಯವಾದ ಟಾಸ್ಕ್ ಆ ಲಾಕಿಗಾಗಿ ಕಾಯ್ತಾ ಕೂರೋದು. ವಾಚ್‌ಡಾಗ್ ಟೈಮರ್ "ಇದೇನೋ ಕೆಟ್ಟಿದೆ" ಅಂತ ಇಡೀ ಸಿಸ್ಟಮ್ಮನ್ನೇ ರೀಸೆಟ್ ಮಾಡೋದು.

ಈಗ ನಮ್ಮ ಶಾಲೆ ನೋಡಿ. ಅತಿ ಮುಖ್ಯ ಕೆಲಸ: ಆ ಹುಡುಗಿ ರಾಯಚೂರಿನಲ್ಲಿ ಓಡೋದು. ಅದರ ಲಾಕ್ ಇದ್ದದ್ದು ಒಂದು ಜುಜುಬಿ ಅರ್ಜಿಯಲ್ಲಿ. ನಡುವೆ ಬಂದು ಅರ್ಜಿಯನ್ನು ಪಕ್ಕಕ್ಕೆ ತಳ್ಳಿದ್ದು ಕೆಟ್ಟ ಕೆಲಸಗಳಲ್ಲ. ಪ್ರಾಕ್ಟೀಸು, ಮನೆ ಭೇಟಿ, ಮಾತುಕತೆ, ಎಲ್ಲಾ ಒಳ್ಳೆಯವೇ. ಮೇಡಂ ಸೋಮಾರಿ ಆಗಿರಲಿಲ್ಲ, ಅವರಿಗೆ ಆದ್ಯತೆ ಗೊತ್ತಿಲ್ಲದೆಯೂ ಇರಲಿಲ್ಲ. ಎಲ್ಲಾ ಕಾಗದವೂ ಒಂದೇ ಅಂದುಕೊಂಡಿದ್ರು, ತಪ್ಪಿದ್ದು ಅಲ್ಲಿ. ತಿಂಗಳ ವರದಿ ತಡ ಆದ್ರೆ ಬೈಗುಳ ತಿನ್ನೋದು ಅವರು. ಅರ್ಜಿ ತಡ ಆದ್ರೆ ಬೆಲೆ ಕಟ್ಟೋದು ಅವಳು.

ಪಾಥ್‌ಫೈಂಡರ್‌ಗೆ ಸಿಕ್ಕ ಪರಿಹಾರ ಸರಳ. ಭೂಮಿಯಿಂದಲೇ ಬದಲಾವಣೆ ಕಳಿಸಿ 'ಪ್ರಯಾರಿಟಿ ಇನ್ಹೆರಿಟೆನ್ಸ್' ಆನ್ ಮಾಡಿದ್ರು. ಅಂದ್ರೆ, ದೊಡ್ಡ ಕೆಲಸದ ಕೀಲಿ ಸಣ್ಣ ಕೆಲಸದ ಕೈಯಲ್ಲಿದ್ರೆ, ಆ ಸಣ್ಣದಕ್ಕೂ ಅಷ್ಟು ಹೊತ್ತು ದೊಡ್ಡದರ ದರ್ಜೆ ಸಿಗುತ್ತೆ. ನನ್ನ ಅಭಿಪ್ರಾಯ ಇಷ್ಟೇ: ಮುಂದೂಡಬಾರದು ಅಂತ ಯಾರಿಗೂ ಉಪದೇಶ ಬೇಡ, ಎಲ್ಲಾ ಕೆಲಸ ಯಾರಿಂದಲೂ ಆಗಲ್ಲ. ಆದ್ರೆ ಮುಂದೂಡೋ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ನಾನು ಖರ್ಚು ಮಾಡ್ತಿರೋದು ನನ್ನ ನಾಳೆಯನ್ನಾ, ಇನ್ನೊಬ್ಬರ ನಾಳೆಯನ್ನಾ?

ಪ್ರಶ್ನೆ ಸುಲಭ, ಕೇಳಿಕೊಳ್ಳೋದು ಕಷ್ಟ. ಫುಶಿಯಾ ಸಿರೋಯ್ ಮತ್ತು ತಿಮೊತಿ ಪಿಚಿಲ್ ಅನ್ನೋ ಮನಶ್ಶಾಸ್ತ್ರಜ್ಞರು ಹೇಳೋ ಪ್ರಕಾರ ಮುಂದೂಡೋದು ಟೈಮ್ ಮ್ಯಾನೇಜ್‌ಮೆಂಟಿನ ತೊಂದರೆ ಅನ್ನೋದಕ್ಕಿಂತ ಮನಸ್ಸಿನ ಭಾವನೆ ಸಂಭಾಳಿಸೋ ತೊಂದರೆ. ಯಾವ ಕೆಲಸ ನೆನೆಸಿಕೊಂಡ್ರೆ ಮುಜುಗರ, ಭಯ, ಬೇಜಾರು ಆಗುತ್ತೋ ಅದನ್ನು ತಳ್ಳಿ, ಆ ಕ್ಷಣಕ್ಕೆ ಹಗುರ ಆಗ್ತೀವಿ. ಮೇಡಂ ತಪ್ಪಿಸಿಕೊಂಡಿದ್ದು ಅರ್ಜಿಯಿಂದಲ್ಲ, ಆಫೀಸಿನಲ್ಲಿ ಆಗೋ ಮುಜುಗರದಿಂದ. ಅದರ ಬದಲು ಮಾಡಿದ್ದು ಒಳ್ಳೆ ಕೆಲಸ ಆದ್ದರಿಂದ ತಾವು ತಪ್ಪಿಸಿಕೊಳ್ತಿದ್ದೀವಿ ಅಂತ ಅವರಿಗೇ ಅನಿಸಲಿಲ್ಲ. ಸ್ಟ್ಯಾನ್‌ಫೋರ್ಡಿನ ತತ್ವಶಾಸ್ತ್ರಜ್ಞ ಜಾನ್ ಪೆರಿ, ಒಂದು ಕೆಲಸ ತಪ್ಪಿಸೋಕೆ ಇನ್ನೊಂದು ಉಪಯುಕ್ತ ಕೆಲಸ ಮಾಡೋ ಈ ಚಾಳಿ ಬಗ್ಗೆ ಬರೆದು 2011ರಲ್ಲಿ ಇಗ್ ನೊಬೆಲ್ ಬಹುಮಾನ ಗೆದ್ರು. ನಗು ಬರುತ್ತೆ. ಆದ್ರೆ ಇಂಟರ್ನಲ್ಸ್ ಹಿಂದಿನ ರಾತ್ರಿ ರೂಮ್ ಗುಡಿಸೋರು, ಫೆಸ್ಟ್ ಕಮಿಟಿ ಕೆಲಸಕ್ಕೆ ಓಡೋರು, ಕನ್ನಡ ಸಂಘಕ್ಕೆ ಲೇಖನ ಬರೆಯೋರು, ನಾವೆಲ್ಲಾ ಅದೇ ಜಾತಿ. ಒಳ್ಳೆ ಕೆಲಸವೇ ಎಲ್ಲಕ್ಕಿಂತ ಒಳ್ಳೆ ನೆಪ.

ಹಾಗಂತ ವ್ಯವಸ್ಥೆಯನ್ನು ಬಿಟ್ಟುಬಿಡೋಕೆ ಆಗಲ್ಲ. ಸಿಬಿಎಸ್‌ಇ ತನ್ನ ಮಾನ್ಯತೆ ನಿಯಮಗಳಲ್ಲೇ ಹೈಸ್ಕೂಲುಗಳಿಗೆ ಆಪ್ತಸಮಾಲೋಚಕರು ಇರಬೇಕು ಅಂತ ಹೇಳುತ್ತೆ. ನಮ್ಮಂಥ ಹಳ್ಳಿ ಶಾಲೆಯಲ್ಲಿ ಅದೇ ಕೆಲಸ ಪಾಠ ಹೇಳೋರ ತಲೆ ಮೇಲೆ ಬರುತ್ತೆ, ಜೊತೆಗೆ ಡಾಟಾ ಎಂಟ್ರಿ. ಒಬ್ಬರೇ ಟೀಚರು, ಒಬ್ಬರೇ ಸಮಾಲೋಚಕರು, ಒಬ್ಬರೇ ಗುಮಾಸ್ತರು ಆದ್ರೆ ಮೂರರಲ್ಲಿ ಒಂದು ಬಿದ್ದೇ ಬೀಳುತ್ತೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆ ಅಂತಲೇ 'ಸ್ನೇಹ ಕ್ಲಿನಿಕ್' ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್‌ಗೆ 14416ಕ್ಕೆ ಯಾವ ಹೊತ್ತಲ್ಲಾದ್ರೂ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಈ ನಂಬರ್ ನಮಗೂ ಬೇಕಾಗಬಹುದು, ಸೇವ್ ಮಾಡಿಕೊಳ್ಳಿ. ಇವೆಲ್ಲಾ ಬೇಕು. ಆದ್ರೆ ಶೇಂಗಾ ಬೆಲ್ಲ ಹಿಡ್ಕೊಂಡು ಬೆಳಿಗ್ಗೆ ಆರಕ್ಕೆ ನಿಲ್ಲೋಕೆ ಅಲ್ಲೇ ಇರೋ ಮನುಷ್ಯರೇ ಬೇಕು. ಅಂಥವರ ಕೈಯಿಂದ ಕಾಗದದ ಭಾರ ಸ್ವಲ್ಪ ಇಳಿಸಿದ್ರೆ ಅವರು ಇನ್ನೂ ಹೆಚ್ಚು ಹೊತ್ತು ಅಲ್ಲಿ ನಿಲ್ತಾರೆ.

ಇಲ್ಲಿ ನಮ್ಮ ಪಾತ್ರ ಬರುತ್ತೆ. ಈ ಕಥೆ ಹೇಳಿದಾಗ ನನ್ನ ರೂಮ್‌ಮೇಟ್ ತಕ್ಷಣ ಅಂದಿದ್ದು, "ಇದಕ್ಕೊಂದು ಆಪ್ ಮಾಡೋಣ್ವಾ?" ಬೇಡ ಮಾರಾಯ. ಮೇಡಂ ಫೋನಿನಲ್ಲಿ ಆಗಲೇ ಇಲಾಖೆಯ ಆಪ್‌ಗಳು ಸಾಕಷ್ಟಿವೆ. ಬೇಕಾಗಿರೋದು ಆಳು. ಸೆಮಿಸ್ಟರ್ ರಜೆಯಲ್ಲಿ ಊರಿಗೆ ಹೋದಾಗ ನಾವು ಓದಿದ ಶಾಲೆಗೆ ಎರಡು ದಿನ ಕೊಡಬಹುದು. ಓಡೋ ಹುಡುಗರ ಪಟ್ಟಿ ತಗೊಂಡು, ಶಾಲಾ ದಾಖಲಾತಿ ಮತ್ತು ಆಧಾರ್‌ನಲ್ಲಿರೋ ಹೆಸರು, ಹುಟ್ಟಿದ ದಿನಾಂಕ ತಾಳೆ ನೋಡೋದು. ತಪ್ಪಿದ್ರೆ ಯಾರದ್ದು ಅಂತ ಬರೆದುಕೊಡೋದು. ಕ್ರೀಡಾಕೂಟಕ್ಕೆ ಎರಡು ತಿಂಗಳು ಮುಂಚೆ ಗೊತ್ತಾದ್ರೆ ಅದು ಅರ್ಧ ಗಂಟೆ ಕೆಲಸ, ಹಿಂದಿನ ದಿನ ಗೊತ್ತಾದ್ರೆ ಏನೂ ಮಾಡೋಕಾಗಲ್ಲ. ಸಹಿ, ಸೀಲು ಶಾಲೆಯವರೇ ಹಾಕಬೇಕು, ಆದ್ರೆ ಹಾಕಿದ್ರಾ ಅಂತ ವಾರಕ್ಕೊಮ್ಮೆ ಫೋನ್ ಮಾಡಿ ಕೇಳೋಕೆ ನಮಗೇನು ಕಷ್ಟ? ಮೇಡಂಗೆ ಇರದಿದ್ದ ವಾಚ್‌ಡಾಗ್ ಟೈಮರ್ ನಾವಾಗಬಹುದು, ಬೈಯೋಕಲ್ಲ, ನೆನಪಿಸೋಕೆ.

ಕ್ಯಾಂಪಸ್ಸಿನೊಳಗೂ ಇದೇ ನಡೀತಿದೆ. ಮೆಂಟರ್ ಡೈರಿಯಲ್ಲಿ ಇಡೀ ಸೆಮಿಸ್ಟರಿನ ಸಹಿ ಕೊನೇ ದಿನ ಒಂದೇ ಪೆನ್ನಿನಲ್ಲಿ ಬೀಳುತ್ತೆ. ಅಲ್ಲಿ ಕಾಗದ ಟೈಮಿಗೆ ಸರಿಯಾಗಿದೆ, ಮುಂದಕ್ಕೆ ಹೋಗಿರೋದು ಮಾತು. ಇದು ಮೇಡಂ ಮಾಡಿದ್ದಕ್ಕೆ ಪೂರ್ತಿ ಉಲ್ಟಾ, ನನ್ನ ಪ್ರಕಾರ ಅದಕ್ಕಿಂತ ಕೆಟ್ಟದ್ದು. ಬ್ಯಾಕ್‌ಲಾಗ್ ಆಗಿ ಮೆಸ್ಸಿಗೂ ಬರದೇ ಮಲಗಿರೋ ಗೆಳೆಯನ ಹತ್ರ "ಇಂಟರ್ನಲ್ಸ್ ಮುಗೀಲಿ, ಮಾತಾಡ್ತೀನಿ" ಅಂತ ನಾವೂ ತಳ್ಳಿರ್ತೀವಿ. ನನ್ನ ಲ್ಯಾಬ್ ರೆಕಾರ್ಡ್ ತಡ ಆದ್ರೆ ಕಟ್ ಆಗೋದು ನನ್ನ ಮಾರ್ಕ್ಸು. ಗ್ರೂಪ್ ಪ್ರಾಜೆಕ್ಟಿನಲ್ಲಿ ನನ್ನ ಮಾಡ್ಯೂಲ್ ತಡ ಆದ್ರೆ ನಾಲ್ಕು ಜನರದ್ದು. ಎರಡೂ ಒಂದೇ ಥರದ 'ನಾಳೆ' ಅಲ್ಲ.

ಹೋದ ದೀಪಾವಳಿಗೆ ಮೇಡಂಗೆ ಫೋನ್ ಮಾಡಿದ್ದೆ. ಈಗ ಬೇರೆ ಶಾಲೆಗೆ ವರ್ಗ ಆಗಿದ್ದಾರೆ. ಈಗಲೂ ಬೆಳಿಗ್ಗೆ ಮೈದಾನಕ್ಕೆ ಹೋಗ್ತೀರಾ ಅಂದೆ. "ಹೋಗ್ತೀನಪ್ಪಾ, ಬಿಡಾಕಾಗತೈತೇನು?" ಅಂದ್ರು. ವರದಿಗಳು? "ಅವು ಈಗಲೂ ಬಾಕಿ." ಸ್ವಲ್ಪ ಹೊತ್ತು ಸುಮ್ಮನಿದ್ದು ಸೇರಿಸಿದ್ರು: "ಆದ್ರ ಓಡೋ ಹುಡುಗರ ಅರ್ಜಿ ಮಾತ್ರ ಜೂನ್‌ನಾಗ ಮುಗಸ್ತೀನಿ. ಅವಳ ಹೆಸರು ಹೇಳಿಕೊಂಡು."

ಬರೋ ರಜೆಯಲ್ಲಿ ನಾನು ಎರಡು ದಿನ ಅವರ ಶಾಲೆಗೆ ಹೋಗ್ತಿದ್ದೀನಿ. ಸಿಂಧನೂರಿನ ಒಬ್ಬ, ಲಿಂಗಸುಗೂರಿನ ಇಬ್ಬರು ತಮ್ಮ ತಮ್ಮ ಶಾಲೆಗೆ ಹೋಗೋಕೆ ಒಪ್ಪಿದ್ದಾರೆ. ನೀವು ಯಾವ ಊರಿನವರಾದ್ರೂ ಸರಿ, ನಿಮ್ಮೂರಲ್ಲೂ ಯಾರೋ ಒಬ್ಬರು ನೀರಿನ ಕ್ಯಾನ್ ಹಿಡ್ಕೊಂಡು ನಿಂತಿರ್ತಾರೆ, ಅವರ ಚೀಲದಲ್ಲೂ ಒಂದು ಅರ್ಜಿ ಇರುತ್ತೆ. ಬರ್ತೀನಿ ಅನ್ನೋರು ಹಾಸ್ಟೆಲ್ಲಿನಲ್ಲಿ ಸಿಕ್ಕಾಗ ಹೇಳಿ. ಇವತ್ತೇ ಹೇಳಿ.